ಒಂದು ಹಿಟ್ ಬೀಳುವವರೆಗೆ

“ಇದ್ಯಾವ ಪುಣ್ಯಾತ್ಮನ ಮೂಗಪ್ಪಾ ಇದು?”

ಎವೊದಿಯೊ ಲಾಗುನೆಸ್ ಗಟ್ಟಿಯಾಗಿಯೇ ಕೇಳಿದ. ಉತ್ತರ ಕೊಡಲು ಸಾಮಾನು ಕೋಣೆಯಲ್ಲಿ ಯಾರೂ ಇರಲಿಲ್ಲ. ಭಾನುವಾರದ ಪೂಜೆ ಮುಗಿಸಿ ಚರ್ಚಿನಿಂದ ನೇರವಾಗಿ ಬೇಸ್‌ಬಾಲ್ ಮೈದಾನಕ್ಕೆ ಬಂದವನು, ಗ್ಲೌಸಿಗೆ ಹಚ್ಚುವ ಎಣ್ಣೆ ಹುಡುಕುತ್ತ ಒಳಗೆ ಹೊಕ್ಕಿದ್ದ. ಸುಣ್ಣದ ಪುಡಿಯ ಚೀಲಗಳ ಮೇಲೆ ಬಿಳಿ ಬಟ್ಟೆ ಹೊದ್ದು ಏನೋ ಒಂದು ಕೂತಿತ್ತು. ಮುಚ್ಚಿಟ್ಟಿದ್ದನ್ನು ಎತ್ತಿ ನೋಡದೆ ಬಿಡುವ ಸ್ವಭಾವ ಅವನದಲ್ಲ. ಎತ್ತಿದರೆ ಗಾರೆಯ ಒಂದು ತಲೆ. ತಲೆಯ ಮೇಲೆ ಟೋಪಿ, ಟೋಪಿಯ ಮೇಲೆ ಬೋಕಾ ಲಾರ್ಗಾ ಊರಿನ ತಂಡದ ಗುರುತಾದ ಹೆಜ್ಜಾರ್ಲೆ. ಹಕ್ಕಿಯ ಕೊಕ್ಕಿಗೂ ಕೆಳಗಿದ್ದ ಮೂಗಿಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ.

ಆಮೇಲೆ ಅವನ ಕಣ್ಣು ಪೀಠದ ಅಕ್ಷರಗಳ ಮೇಲೆ ಬಿತ್ತು. ಅವನದೇ ಹೆಸರು. ಹೆಸರಿನ ಕೆಳಗೆ ಅವನು ಆಡಲು ಶುರುಮಾಡಿದ ವರ್ಷ, ಒಂದು ಅಡ್ಡಗೆರೆ, ಅದರ ಪಕ್ಕಕ್ಕೆ ಈ ವರ್ಷ. ಬಣ್ಣ ಇನ್ನೂ ಸರಿಯಾಗಿ ಆರಿರಲಿಲ್ಲ.

ಎವೊದಿಯೊ ತನ್ನ ಮೂಗನ್ನು ಒಂದು ಸಲ ಮುಟ್ಟಿ ನೋಡಿಕೊಂಡ.

“ಅಯ್ಯೋ, ನೋಡೇಬಿಟ್ಯಾ?” ಎಂದು ಬಾಗಿಲಿನಿಂದ ಯಾರೋ ಅಂದರು. ತಿರುಗಿದರೆ ಮ್ಯಾನೇಜರ್ ಮಕಾರಿಯೊ.

“ನಾನು ಯಾವಾಗ ಸತ್ತೆ ಕಂಪಾದ್ರೆ? ಒಂದು ಮಾತು ಹೇಳಬಾರದಿತ್ತಾ? ಸೆಲ್ಸಾ ಬೆಳಿಗ್ಗೆ ಮೊಟ್ಟೆ ಕರಿದು ಕೊಟ್ಳು. ಪಾಪ, ತಾನು ವಿಧವೆ ಅಂತ ಅವಳಿಗೂ ಗೊತ್ತಿಲ್ಲ.”

ಎವೊದಿಯೊನ ಮಗಳಿಗೆ ಹೆಸರಿಡುವ ದಿನ ಮಗುವನ್ನು ಎತ್ತಿಕೊಂಡು ಪಾದ್ರಿಗಳ ಮುಂದೆ ನಿಂತವನು ಮಕಾರಿಯೊ. ಅಂದಿನಿಂದ ಇಬ್ಬರೂ ಕಂಪಾದ್ರೆಗಳು; ಒಬ್ಬರನ್ನೊಬ್ಬರು ಬೈಯಲು ಚರ್ಚಿನಿಂದಲೇ ಅನುಮತಿ ಪಡೆದವರು. ಅದಕ್ಕೂ ಮುಂಚೆ, ಮಕಾರಿಯೊ ಇನ್ನೂ ಕ್ಯಾಚರ್ ಆಗಿದ್ದಾಗ, ಎವೊದಿಯೊ ಎಸೆದ ಚೆಂಡುಗಳನ್ನು ಹಿಡಿದು ಹಿಡಿದು ಅವನ ಬೆರಳುಗಳು ಶುಂಠಿಯ ಗೆಣ್ಣಿನ ಹಾಗೆ ಆಗಿದ್ದವು. ಆ ಬೆರಳುಗಳಿಂದಲೇ ಈಗ ಅವನು ಕತ್ತು ಕೆರೆದುಕೊಂಡ.

“ಮಾಲೀಕರು ನಿನ್ನೆ ರಾತ್ರಿ ಹೇಳಿದ್ರು. ಮುಂದಿನ ವರ್ಷಕ್ಕೆ ನೀನು ಬೇಡ ಅಂತೆ. ಇವತ್ತು ಸೀಸನ್ನಿನ ಕೊನೇ ಆಟ ಅಲ್ವಾ, ಚೆನ್ನಾಗಿ ಕಳಿಸಿಕೊಡೋಣ ಅಂತ. ನೀನು ಮೂರೇ ಜನಕ್ಕೆ ಎಸಿ. ಆಮೇಲೆ ನೀನು ಎಸೆಯೋ ದಿಬ್ಬಕ್ಕೆ ನಾನು ಬಂದು ಚೆಂಡು ಇಸ್ಕೊತೀನಿ. ಬ್ಯಾಂಡಿನವರು ಬಾರಿಸ್ತಾರೆ, ಮೇಯರ್ ಬಟ್ಟೆ ಎಳೀತಾರೆ, ನೀನು ಟೋಪಿ ಬೀಸು. ಮುಗೀತು.”

“ಸತ್ತ ಮೇಲೆ ಇವೆಲ್ಲ ಮಾಡಿ. ನಾನೇನು ಎದ್ದು ಬಂದು ಬೇಡ ಅನ್ನಲ್ಲ.”

“ಎವೊ, ನಲವತ್ತಮೂರು ಕಣೋ ನಿಂಗೆ.”

“ಮೂಗಿಗೆ ಅರವತ್ತು ಮಾಡಿದಾರಲ್ಲ, ಅದನ್ನ ಹೇಳು!”

ನಗು ಬಂತು ಇಬ್ಬರಿಗೂ. ಆದರೆ ನಗು ಮುಗಿದ ಮೇಲೂ ಎವೊದಿಯೊ ಆ ಗಾರೆಯ ತಲೆಯ ಮೇಲಿನಿಂದ ಕೈ ತೆಗೆದಿರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಸೀಗಡಿ ದೋಣಿಯಿಂದ ಇಳಿದು ಎಸೆತಗಾರರ ದಿಬ್ಬ ಹತ್ತಿದವನು ಅವನು. ಉತ್ತರದ ಗಡಿ ದಾಟಿ, ಹೆಸರು ಹೇಳಲು ನಾಲಿಗೆ ಹೊರಳದ ಎಷ್ಟೋ ಸಣ್ಣ ಊರುಗಳಲ್ಲಿ ಆಡಿದ್ದ. ಒಂದು ಬೇಸಿಗೆ ಅಲ್ಲಿನ ದೊಡ್ಡ ತಂಡ ಕರೆಸಿಕೊಂಡು, ಒಂದು ವಾರ ಬೆಂಚಿನ ಮೇಲೆ ಕೂರಿಸಿ, ಬೆಂಚು ಬೆಚ್ಚಗಾದ ಮೇಲೆ ವಾಪಸು ಕಳಿಸಿತ್ತು. ತಾಯ್ನಾಡಿನಲ್ಲಿ ಒಂದು ತಂಡ ಅವನನ್ನು ಇನ್ನೊಂದು ತಂಡಕ್ಕೆ ಒಂದು ಹಳೇ ಬಸ್ಸಿಗೆ ಬದಲಾಗಿ ಕೊಟ್ಟಿತ್ತು. ಬಸ್ಸು ಎರಡು ವರ್ಷಕ್ಕೆ ಕೆಟ್ಟು ನಿಂತಿತು. ಎವೊದಿಯೊ ಇನ್ನೂ ಓಡುತ್ತಿದ್ದಾನೆ ಎಂದು ಆ ಕೊಟ್ಟ ತಂಡದವರು ಇವತ್ತಿಗೂ ಹೊಟ್ಟೆ ಉರಿದುಕೊಳ್ಳುತ್ತಾರೆ. ಮೊಣಕೈಗೆ ಎರಡು ಸಲ ಕತ್ತರಿ ಬಿದ್ದಿತ್ತು. ಚೆಂಡಿನ ವೇಗ ಹೋಗಿ ಎಷ್ಟೋ ಕಾಲವಾಗಿತ್ತು. ವೇಗ ಹೋದಲ್ಲಿ ನಿಧಾನವನ್ನೇ ಕಲಿತಿದ್ದ. ಎದುರಾಳಿ ಇನ್ನೇನು ಚೆಂಡು ಬಂತು ಎಂದು ಬ್ಯಾಟು ಬೀಸಿ ಮುಗಿಸಿದ ಮೇಲೆ, ಇವನ ಚೆಂಡು ಸಾವಕಾಶವಾಗಿ ಬಂದು ಕ್ಯಾಚರನ ಗ್ಲೌಸಿನಲ್ಲಿ ಕೂರುತ್ತಿತ್ತು.

ಈ ವರ್ಷ ಆ ನಿಧಾನವೂ ಕೈಕೊಟ್ಟಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಜನ ಸೀಟು ಹುಡುಕಿ ಕೂರುವ ಮೊದಲೇ ಎದುರಾಳಿ ಒಂದೆರಡು ಹಿಟ್ ಹೊಡೆದು ಬೇಸಿನ ಮೇಲೆ ನಿಂತಿರುತ್ತಿದ್ದ. ಆಟ ಬಿಡುವುದಕ್ಕೆ ಅವನು ಹೆದರಿರಲಿಲ್ಲ. ಮೂರು ಜನಕ್ಕೆ ತೋರಿಕೆಗೆ ಎಸೆದು, ಬದುಕಿದ್ದಾಗಲೇ ಗಾರೆಯ ಬೊಂಬೆಯ ಪಕ್ಕದಲ್ಲಿ ಇನ್ನೊಂದು ಬೊಂಬೆಯಾಗಿ ನಿಲ್ಲುವುದಿತ್ತಲ್ಲ, ಅದು ಮಾತ್ರ ಅವನ ಗಂಟಲಿಗೆ ಇಳಿಯಲಿಲ್ಲ. ಆಡುತ್ತಿರುವಾಗ, ಆಟಕ್ಕೆ ಅವನು ಬೇಕಾಗಿರುವಾಗ, ಬೆವರು ಸುರಿಸುತ್ತಲೇ ಇಳಿದು ಬರಬೇಕು. ಅಷ್ಟೇ ಅವನ ಆಸೆ.

“ಕಂಪಾದ್ರೆ, ಒಂದು ಮಾತು ನಡೆಸಿಕೊಡು. ಮೂರು ಜನ ಬೇಡ. ಒಂದು ಹಿಟ್ ಬೀಳೋವರೆಗೆ ಬಿಡು.”

“ಏನು?”

“ಒಂದೇ ಒಂದು ಹಿಟ್. ಬಿದ್ದ ತಕ್ಷಣ ನಿನ್ನ ಕೈಗೆ ಚೆಂಡು ಕೊಟ್ಟು ಇಳೀತೀನಿ. ಮೇಯರ್ ಬಟ್ಟೆ ಎಳೀಲಿ, ನಾನು ಬೇಕಾದ್ರೆ ಆ ಮೂಗಿಗೆ ಮುತ್ತು ಕೊಡ್ತೀನಿ. ಕಂದೆಲಾರಿಯಾ ಮಾತೆಯಾಣೆ.”

ಮಕಾರಿಯೊ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎದುರಿಗಿರುವವರು ಸಾಂತಾ ಎದುವಿಹೆಸ್‌ನ ಸಕ್ಕರೆ ಗಿರಣಿ ತಂಡ. ಇವತ್ತು ಗೆದ್ದರೆ ಅವರು ಮುಂದಿನ ಸುತ್ತಿಗೆ ಹೋಗುತ್ತಾರೆ, ಸೋತರೆ ಮನೆಗೆ. ಹಸಿದ ಜನ. ಹೆಜ್ಜಾರ್ಲೆಗಳು ಪಟ್ಟಿಯ ತಳದಲ್ಲಿ ಬಿದ್ದಿದ್ದವು, ಕಳೆದುಕೊಳ್ಳಲು ಏನೂ ಇರಲಿಲ್ಲ. ಹಿಟ್ ಮೊದಲ ಇನ್ನಿಂಗಿನಲ್ಲೇ ಬೀಳುತ್ತದೆ.

“ಆಯ್ತು ಹೋಗು. ಆಣೆ ಇಟ್ಟಿದೀಯ, ನೆನಪಿರಲಿ,” ಎಂದ.

*

ಮಧ್ಯಾಹ್ನದ ಬಿಸಿಲಿಗೆ ಮೈದಾನದ ಸುಣ್ಣದ ಗೆರೆಗಳು ಕಣ್ಣು ಕುಕ್ಕುತ್ತಿದ್ದವು. ಮೂರನೇ ಬೇಸಿನ ಹಿಂದೆ, ನೆರಳು ಬೀಳುವ ಮೆಟ್ಟಿಲುಗಳ ಮೇಲೆ ಪದ್ಯಗಾರ ಪೊಲಿಕಾರ್ಪೊ ತನ್ನ ಪುಟ್ಟ ಗಿಟಾರು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಊರಿನ ಮದುವೆಯಿಂದ ಹಿಡಿದು ತಿಥಿಯವರೆಗೆ ಪ್ರಾಸ ಕೂಡಿಸಿ ಹಾಡುವವನು ಅವನೇ. ಭಾನುವಾರ ಮಾತ್ರ ಅವನ ನಾಲಿಗೆ ಆಟಗಾರರಿಗೆ ಮೀಸಲು. ಎವೊದಿಯೊ ದಿಬ್ಬದ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಮೊದಲ ಚೆಂಡು ಎಸೆದ. ಗಿರಣಿಯ ಹುಡುಗ ಮೈಯೆಲ್ಲ ತಿರುಚಿ ಬೀಸಿ ಗಾಳಿ ಹೊಡೆದ. ಪೊಲಿಕಾರ್ಪೊ ತಂತಿ ಮೀಟಿದ:

ಮೆಲ್ಲನೆ ಹೊರಟಿತು ಅಜ್ಜನ ಚೆಂಡು ಕೈ ಹಾಕಿ ಬುತ್ತಿಗೆ,
ಅಲ್ಲಲ್ಲಿ ನಿಂತು ಕಾಫಿ ಕುಡೀತು ಊರಿನ ಸುತ್ತಿಗೆ,
ಎಲ್ಲಿದೆ ಚೆಂಡು ಎಂದು ಬೀಸಿದ ಗಿರಣಿ ಹುಡುಗ ಗತ್ತಿಗೆ,
ಚೆಲ್ಲಿತು ಬೆವರು, ಚೆಂಡು ಬಂತು ಅವನು ಕೂತ ಹೊತ್ತಿಗೆ!

ಮೆಟ್ಟಿಲುಗಳು ಗೊಳ್ಳೆಂದವು. ಎವೊದಿಯೊನೂ ನಕ್ಕ. ಪದ್ಯ ಕೇಳುತ್ತ ಬೆಳೆದವನು; ತಾಯಿ ಬಲೆ ಹೆಣೆಯುತ್ತ ಸಂತರ ಕಥೆಗಳನ್ನು ಪದ್ಯದಲ್ಲೇ ಹೇಳುತ್ತಿದ್ದಳು. ಯಾವ ಪದ ಎಲ್ಲಿ ಬಂದು ಕೂರುತ್ತದೆ ಎಂದು ಕಾಯುವ ಕಿವಿ ಅವನದು. ಎಸೆಯುವುದೂ ಅವನಿಗೆ ಅಂಥದ್ದೇ ಕೆಲಸವಾಗಿತ್ತು. ಎದುರಿನವನು ಯಾವ ಪ್ರಾಸ ಕಾಯುತ್ತಿದ್ದಾನೆಂದು ತಿಳಿದು, ಅದನ್ನು ಕೊಡದೆ ಇರುವುದು.

ಮೊದಲ ಇನ್ನಿಂಗ್ ಮುಗಿಯಿತು, ಹಿಟ್ ಬೀಳಲಿಲ್ಲ. ಎರಡನೆಯದೂ ಹಾಗೇ. ಎವೊದಿಯೊನಿಗೆ ಬಾಯಿ ಬಂತು.

“ಏಯ್, ನೀನು ತಿಬುರ್ಸಿಯೊನ ಮಗ ಅಲ್ವೇನೋ?” ಎಂದು ಬ್ಯಾಟು ಹಿಡಿದು ಬಂದವನನ್ನು ಕೂಗಿ ಕೇಳಿದ. “ನಿಮ್ಮಪ್ಪನೂ ಇದೇ ಚೆಂಡಿಗೆ ಬೀಸಿ ಬೀಸಿ ಸೊಂಟ ಉಳುಕಿಸಿಕೊಂಡಿದ್ದ. ಈಗ ಹೇಗಿದೆ ಸೊಂಟ?”

“ಚೆನ್ನಾಗಿದೆ ಅಜ್ಜ! ನಿಮ್ಮ ಹಲ್ಲು ಹೇಗಿವೆ ಅಂತ ಅಪ್ಪ ಕೇಳಿದ್ರು!”

“ಎಲ್ಲ ನನ್ನವೇ ಅಂತ ಹೇಳು! ಮನೇಲಿ ಡಬ್ಬದಲ್ಲಿ ಇಟ್ಟಿದೀನಿ!”

ಮೂರನೇ ಇನ್ನಿಂಗಿನಲ್ಲಿ ಇಬ್ಬರನ್ನು ಚೆಂಡು ಸರಿಯಾಗಿ ಎಸೆಯದೆ ಪುಕ್ಕಟೆಯಾಗಿ ಮೊದಲ ಬೇಸಿಗೆ ಕಳಿಸಿದ. ಅದು ಹಿಟ್ ಅಲ್ಲ. ಎದುರಾಳಿ ತನ್ನ ಹೊಡೆತದಿಂದಲೇ, ಇನ್ನೊಬ್ಬರ ತಪ್ಪಿನ ಸಹಾಯವಿಲ್ಲದೆ ಬೇಸು ಮುಟ್ಟಿದರೆ ಮಾತ್ರ ಹಿಟ್. ಯಾವುದು ಹಿಟ್, ಯಾವುದು ಹಿಡಿಯುವವನ ತಪ್ಪು ಎಂದು ತೀರ್ಪು ಕೊಡುವವರು ಮೇಲಿನ ಗೂಡಿನಲ್ಲಿ ಕೂತ, ಊರೆಲ್ಲ ಗೌರವದಿಂದ ‘ಡಾನ್’ ಎಂದು ಕರೆಯುವ ಪ್ರಿಮಿತಿವೊ. ವಾರವೆಲ್ಲ ಔಷಧಿ ಅಂಗಡಿ, ಭಾನುವಾರ ಈ ಗೂಡು. ಮಗಳ ಮದುವೆಯ ಹಿಂದಿನ ದಿನ ಅಳಿಯನಾಗುವವನ ಕೈಯಿಂದ ಚೆಂಡು ಜಾರಿದಾಗ, ಕಣ್ಣು ಮಿಟುಕಿಸದೆ ‘ತಪ್ಪು’ ಎಂದು ಬೋರ್ಡಿನಲ್ಲಿ ಹಾಕಿಸಿದ ಮನುಷ್ಯ. ಅಳಿಯ ಈಗಲೂ ಅವರ ಅಂಗಡಿಯ ಮಾತ್ರೆ ನುಂಗುವುದಿಲ್ಲ.

ನಾಲ್ಕನೇ ಇನ್ನಿಂಗ್ ಮುಗಿಸಿ ಎವೊದಿಯೊ ನೆರಳಿನ ಬೆಂಚಿಗೆ ಬಂದು ಕೂತು, “ಬಾಯಿ ಒಣಗ್ತಿದೆ, ನೀರು ಕೊಡ್ರೋ,” ಎಂದ.

ಯಾರೂ ಮಾತಾಡಲಿಲ್ಲ. ಒಂದು ಲೋಟ ನೀರು ಬೆಂಚಿನ ಮೇಲೆ ಜಾರಿಕೊಂಡು ಅವನ ಹತ್ತಿರ ಬಂತು. ಜಾರಿಸಿದ ಕೈಯ ಒಡೆಯ ಆಗಲೇ ಇನ್ನೊಂದು ಕಡೆ ನೋಡುತ್ತ ಕೂತಿದ್ದ.

ಎವೊದಿಯೊನಿಗೆ ಅರ್ಥವಾಯಿತು. ಬೋರ್ಡಿನ ಕಡೆ ನೋಡಿದ. ಹಿಟ್‌ನ ಮನೆಯಲ್ಲಿ ಸೊನ್ನೆ. ಒಂದೂ ಹಿಟ್ ಬೀಳದ ಆಟ ಸಾಗುತ್ತಿದ್ದರೆ ಅದರ ಸುದ್ದಿ ಎತ್ತಬಾರದು, ಎಸೆಯುವವನ ಜೊತೆ ಮಾತಾಡಬಾರದು, ಅವನ ಪಕ್ಕ ಕೂರಬಾರದು. ಆಡಿದರೆ ಆಟ ಕೆಡುತ್ತದೆ. ಈ ನೇಮ ಯಾರು ಮಾಡಿದರೋ ತಿಳಿಯದು. ಮುರಿದವನನ್ನು ಮಾತ್ರ ಊರು ಮೊಮ್ಮಕ್ಕಳ ಕಾಲದವರೆಗೂ ನೆನಪಿಟ್ಟುಕೊಳ್ಳುತ್ತದೆ.

“ಓಹೋ,” ಎಂದ ಎವೊದಿಯೊ. “ಈಗ ನಾನು ಸತ್ತಿದ್ದು ಖಾತ್ರಿಯಾಯ್ತು.”

ಬೆಂಚಿನ ಆ ತುದಿಯಲ್ಲಿ ಯಾರೋ ನಗು ತಡೆಯಲಾಗದೆ ಟವಲು ಬಾಯಿಗೆ ತುರುಕಿಕೊಂಡರು.

ಅವನಿಗೆ ಮಾತಿಲ್ಲದೆ ಇರಲು ಬಾರದು. ಐದನೇ ಇನ್ನಿಂಗ್ ಮುಗಿಸಿ ಬಂದಾಗ ಬೆಂಚಿನ ಅರ್ಧ ಅವನಿಗೇ ಬಿಟ್ಟಿದ್ದರು. ಅವನು ತನ್ನ ಗ್ಲೌಸಿನ ಜೊತೆ ಮಾತಿಗೆ ಕೂತ. “ಬಿಸಿಲು ಜಾಸ್ತಿ ಅಲ್ವೇನಮ್ಮಾ? ನಿಂಗೇನಾದ್ರೂ ಬೇಕಾ? ಇವರಿಗೆಲ್ಲ ಗಂಟಲು ನೋವು. ಡಾನ್ ಪ್ರಿಮಿತಿವೊ ಅಂಗಡೀಲಿ ಒಳ್ಳೆ ಔಷಧಿ ಸಿಗುತ್ತೆ, ಹೇಳು.” ಆಮೇಲೆ ಮಕಾರಿಯೊನ ಕಡೆ ತಿರುಗಿ, “ಕಂಪಾದ್ರೆ, ನಿನ್ನ ಪ್ಯಾಂಟು ಹಿಂದೆ ಹರಿದಿದೆ,” ಎಂದ. ಮಕಾರಿಯೊ ಕೈಯನ್ನು ಹಿಂದಕ್ಕೆ ಒಯ್ದು ತಡವಿ ನೋಡಿದನೇ ಹೊರತು ತುಟಿ ಬಿಚ್ಚಲಿಲ್ಲ. ಹರಿದಿರಲಿಲ್ಲ.

ಅತ್ತ ಮೆಟ್ಟಿಲುಗಳ ಮೇಲೆ ಬೇರೊಂದು ಕಷ್ಟ ಶುರುವಾಗಿತ್ತು. ಮೇಯರರಿಗೆ ಸಂಜೆ ಒಂದು ಮದುವೆ ಇತ್ತು. ಎದ್ದು ಹೊರಡಲು ನೋಡಿದರು. ಹಿಂದಿನ ಸಾಲಿನ ಮೀನು ಮಾರುವ ಹೆಂಗಸು ಅವರ ಭುಜದ ಮೇಲೆ ಕೈ ಇಟ್ಟು ಕೂರಿಸಿದಳು.

“ಎಲ್ಲಿಗೆ ಸ್ವಾಮಿ?”

“ಒಂದು ಮದುವೆ ಇದೆ ತಾಯಿ...”

“ಈಗ ಯಾರೂ ಜಾಗ ಬಿಟ್ಟು ಏಳೋ ಹಾಗಿಲ್ಲ. ನೀವೆದ್ದು, ಆಮೇಲೆ ಏನಾದ್ರೂ ಆದ್ರೆ? ಮುಂದಿನ ಚುನಾವಣೆಗೆ ಈ ಊರಲ್ಲಿ ನಿಮಗೆ ಒಂದು ಮೀನಿನ ತಲೆ ಸಿಗಲ್ಲ.”

ಮೇಯರ್ ಕೂತರು. ಅವರ ಪಕ್ಕದಲ್ಲಿ ಬ್ಯಾಂಡಿನವರು ತುತ್ತೂರಿಗಳನ್ನು ಮಡಿಲಲ್ಲಿಟ್ಟುಕೊಂಡು ಬೆವರುತ್ತಿದ್ದರು. ಗೇಟಿನ ಬಳಿ ನಿಲ್ಲಿಸಿದ್ದ ಗಾರೆಯ ತಲೆಯ ಮೇಲಿನ ಬಟ್ಟೆಯನ್ನು ಸಮುದ್ರದ ಗಾಳಿ ಆಗಾಗ ಸ್ವಲ್ಪ ಎತ್ತಿ, ಮೂಗಿನ ತುದಿ ತೋರಿಸಿ ಮತ್ತೆ ಮುಚ್ಚುತ್ತಿತ್ತು. ಮೊದಲ ಸಾಲಿನಲ್ಲಿ ಕೂತಿದ್ದ ಸೆಲ್ಸಾ ಕುಂಬಳದ ಬೀಜ ಜಗಿಯುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು. ಒಂದು ಬೀಜ ಕೆನ್ನೆಯೊಳಗೆ ಹಾಗೇ ಉಳಿದು, ಹಲ್ಲುನೋವಿನವಳ ಹಾಗೆ ಕಾಣುತ್ತಿದ್ದಳು.

ಆರನೇ ಇನ್ನಿಂಗಿನಲ್ಲಿ ಹೆಜ್ಜಾರ್ಲೆಗಳ ಹುಡುಗ ನೆಫ್ತಾಲಿ ಎಸೆತಗಾರನ ಕಣ್ಣು ತಪ್ಪಿಸಿ ಓಡಿ ಒಂದು ಬೇಸು ಕದ್ದು, ಇನ್ನೊಂದು ಬೇಸಿಗೆ ಜಾರಿ, ಮಣ್ಣಲ್ಲಿ ಹೊರಳಿ, ಬ್ಯಾಟು ಬೀಸುವವನು ನಿಲ್ಲುವ ‘ಮನೆ’ಯನ್ನು ಮುಟ್ಟಿ ಒಂದು ರನ್ ತಂದ. ಆ ಸಂತೋಷದಲ್ಲಿ ಪೊಲಿಕಾರ್ಪೊ ಎದ್ದು ನಿಂತು ತಂತಿ ಮೀಟಿ, “ಕೇಳಿರಿ ಜನರೇ, ಆರು ಇನ್ನಿಂಗು ಸಾಗಿತು, ಬೀಳಲೇ ಇಲ್ಲ ಒಂದೂ...” ಎಂದು ಶುರುಮಾಡಿದ್ದೇ ತಡ, ಅಕ್ಕಪಕ್ಕದವರ ಕೈಗಳೆಲ್ಲ ಅವನ ಬಾಯಿಯ ಮೇಲೆ ಬಿದ್ದವು. ಕೈಗಳು ಸರಿದ ಮೇಲೆ ಅವನು ಬೆದರಿದ ಕಣ್ಣಿನಿಂದ ಸುತ್ತ ನೋಡಿ, “ಮಳೆಹನಿ,” ಎಂದು ಸಾಲು ಮುಗಿಸಿ ಕೂತ. ಪ್ರಾಸ ಕೂಡಿಸದೆ ಅವನು ಒಂದು ಸಾಲನ್ನು ಬಿಟ್ಟಿದ್ದು ಅದೇ ಮೊದಲು.

ಏಳನೇ ಇನ್ನಿಂಗಿನ ಹೊತ್ತಿಗೆ ಮಾಲೀಕರ ಕಡೆಯ ಗುಮಾಸ್ತ ಬೆಂಚಿನ ಹತ್ತಿರ ಬಗ್ಗಿ ಮಕಾರಿಯೊನ ಕಿವಿಯಲ್ಲಿ ಹೇಳಿದ: “ಸಾಹೇಬರು ಕೇಳ್ತಿದಾರೆ, ಬಟ್ಟೆ ಎಳೆಯೋದು ಯಾವಾಗ ಅಂತ. ಅವನನ್ನ ಇಳಿಸಿ.”

“ಮಾತಾಗಿದೆ,” ಎಂದ ಮಕಾರಿಯೊ, ತುಟಿ ಅಲುಗಿಸದೆ.

“ಏನು ಮಾತು?”

ಮಕಾರಿಯೊ ಬೋರ್ಡಿನ ಕಡೆ ಬೆರಳು ತೋರಿಸಿದ. ಗುಮಾಸ್ತ ಸೊನ್ನೆಯನ್ನು ನೋಡಿ, “ಓ! ಇನ್ನೂ ಒಂದು ಹಿ...” ಎಂದವನು ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋದ.

ಎವೊದಿಯೊನ ಮೊಣಕೈ ಆಗಲೇ ಅವನ ಮಾತು ಕೇಳುವುದನ್ನು ಬಿಟ್ಟಿತ್ತು. ಬೆರಳ ತುದಿಗಳು ಮರಗಟ್ಟಿದ್ದವು. ಎಂಟನೇ ಇನ್ನಿಂಗಿನಲ್ಲಿ ಅವನು ಎಸೆದ ಚೆಂಡುಗಳು ದಾರಿಯಲ್ಲಿ ಕಾಫಿ ಮಾತ್ರವಲ್ಲ, ಊಟವನ್ನೂ ಮುಗಿಸಿ ಬರುವ ಹಾಗಿದ್ದವು. ಗಿರಣಿಯವರು ಹೊಡೆದರು, ಚೆಂಡು ಆಕಾಶಕ್ಕೆ ಹೋಯಿತು, ಬೇಲಿಯ ಹತ್ತಿರ ಯಾರೋ ಓಡಿ ಬಿದ್ದು ಹಿಡಿದರು. ಇನ್ನೊಮ್ಮೆ ಹೊಡೆದರು, ಇನ್ನೊಬ್ಬರು ಓಡಿ ಬಿದ್ದರು. ಇಡೀ ವರ್ಷ ಕಾಲೆಳೆದುಕೊಂಡು ಆಡಿದ ಹುಡುಗರು ಇವತ್ತು ಮೊಣಕಾಲು ತರಚಿಕೊಂಡು, ಒಂದು ಮಾತೂ ಆಡದೆ, ಎದ್ದು ಮಣ್ಣು ಕೊಡವಿ ತಮ್ಮ ಜಾಗಕ್ಕೆ ಹೋಗುತ್ತಿದ್ದರು. ‘ಭಲೇ’ ಎನ್ನಲು ಎವೊದಿಯೊ ಬಾಯಿ ತೆರೆದರೆ ಅವರು ತಲೆ ತಗ್ಗಿಸುತ್ತಿದ್ದರು. ಆ ಮೌನದಲ್ಲಿ ಅವನಿಗೆ ಏನೋ ಕೇಳಿಸಿತು. ಚರ್ಚಿನಲ್ಲಿ ಗಂಟೆ ನಿಂತ ಮೇಲೂ ಕಂಬಗಳಲ್ಲಿ ಉಳಿಯುತ್ತದಲ್ಲ, ಅಂಥದ್ದು. ಇವರು ತನ್ನನ್ನು ಕಳಿಸಿಕೊಡಲು ಆಡುತ್ತಿಲ್ಲ. ಗಿರಣಿಯವರನ್ನು ಸೋಲಿಸಲು ಆಡುತ್ತಿದ್ದಾರೆ. ತಾನೂ ಅವರ ಜೊತೆ ಇದ್ದೇನೆ.

*

ಒಂಬತ್ತನೇ ಇನ್ನಿಂಗ್. ಒಂದು ರನ್ನಿನ ಮುನ್ನಡೆ. ಮೊದಲನೆಯವನು ಔಟ್. ಎರಡನೆಯವನೂ ಔಟ್. ಇನ್ನೊಬ್ಬ ಔಟಾದರೆ ಆಟ ಮುಗಿಯುತ್ತದೆ, ಗಿರಣಿಯವರು ಮನೆಗೆ ಹೋಗುತ್ತಾರೆ. ಮೈದಾನದಲ್ಲಿ ಎಷ್ಟು ನಿಶ್ಶಬ್ದವೆಂದರೆ ಬಂದರಿನ ಕಡೆಯಿಂದ ದೋಣಿಗಳ ಹಗ್ಗ ಕಿರುಗುಟ್ಟುವುದು ಕೇಳುತ್ತಿತ್ತು.

ಮೂರನೆಯವನಾಗಿ ಬಂದವನು ಒಣಕಲು ಮೈಯ, ಮೊಲದಂತೆ ಓಡುವ ಹುಡುಗ. ಎವೊದಿಯೊ ಎಸೆದ. ಹುಡುಗ ಚೆಂಡನ್ನು ನೆಲಕ್ಕೆ ಕುಟ್ಟಿದ. ಅದು ಎತ್ತರಕ್ಕೆ ಪುಟಿದು, ದಿಬ್ಬವನ್ನು ದಾಟಿ, ಎರಡನೇ ಮತ್ತು ಮೂರನೇ ಬೇಸುಗಳ ನಡುವೆ ನಿಂತಿದ್ದ ನೆಫ್ತಾಲಿಯ ಎಡಕ್ಕೆ ದೂರ ಹೋಯಿತು. ನೆಫ್ತಾಲಿ ಉದ್ದಕ್ಕೆ ಹಾರಿದ. ಚೆಂಡು ಅವನ ಗ್ಲೌಸಿನ ತುದಿಯ ಚರ್ಮವನ್ನು ಸವರಿಕೊಂಡು ಹುಲ್ಲಿನ ಮೇಲೆ ಉರುಳಿತು. ಅಷ್ಟರಲ್ಲಿ ಮೊಲ ಮೊದಲ ಬೇಸು ಮುಟ್ಟಿಯಾಗಿತ್ತು.

ಯಾರು ನೋಡಿದರೂ ಅದು ಹಿಟ್. ಎವೊದಿಯೊನಿಗಂತೂ ಬ್ಯಾಟಿಗೆ ಚೆಂಡು ತಗುಲಿದ ಸದ್ದಿನಲ್ಲೇ ತಿಳಿದಿತ್ತು.

ಆದರೆ ನೆಲದಿಂದ ಎದ್ದ ನೆಫ್ತಾಲಿ ಎದೆ ಎದೆ ಬಡಿದುಕೊಳ್ಳತೊಡಗಿದ. “ನಂದು! ತಪ್ಪು ನಂದು! ಡಾನ್ ಪ್ರಿಮಿತಿವೊ, ಕೈಗೆ ಬಂದಿದ್ದನ್ನ ಬಿಟ್ಟೆ! ನಾನು ಕತ್ತೆ!” ತಪ್ಪು ತನ್ನ ಹೆಸರಿಗೆ ಬೀಳದಿರಲಿ ಎಂದು ಮೇಲಿನ ಗೂಡಿನ ಕಡೆ ಕೈ ಮುಗಿಯುವ ಆಟಗಾರರನ್ನು ಊರು ನೋಡಿತ್ತು. ತಪ್ಪು ಕೊಡಿ ಎಂದು ಗೋಗರೆಯುವವನನ್ನು ನೋಡಿರಲಿಲ್ಲ.

“ಹೌದು, ಅವನು ಕತ್ತೆ!” ಎಂದು ಪೊಲಿಕಾರ್ಪೊ ದನಿಗೂಡಿಸಿದ.

“ಕತ್ತೆ! ಕತ್ತೆ!” ಎಂದು ಮೆಟ್ಟಿಲುಗಳೆಲ್ಲ ಪ್ರೀತಿಯಿಂದ ಕೂಗಿದವು. ನೆಫ್ತಾಲಿಯ ತಾಯಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದಳು. ಗಿರಣಿಯವರ ಬೆಂಚಿನಿಂದ, “ಹಿಟ್ ಕಣ್ರೋ ಅದು! ಕಣ್ಣಿಲ್ವಾ ನಿಮಗೆ, ಕಳ್ಳರಾ!” ಎಂಬ ಕೂಗು ಎದ್ದು ಗಲಾಟೆಯಲ್ಲಿ ಮುಳುಗಿತು.

ಡಾನ್ ಪ್ರಿಮಿತಿವೊ ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. ಆಮೇಲೆ ಕನ್ನಡಕವಿಲ್ಲದ ಕಣ್ಣಿನಿಂದಲೇ ಮೈದಾನವನ್ನು ಒಂದು ಸಲ ನೋಡಿ, ಗುಂಡಿ ಒತ್ತಿದರು. ಬೋರ್ಡಿನಲ್ಲಿ ತಪ್ಪಿನ ಮನೆಯಲ್ಲಿ ಒಂದು ಬಂತು. ಹಿಟ್‌ನ ಮನೆಯಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ಮೈದಾನ ಅಬ್ಬರಿಸಿತು. ಎವೊದಿಯೊನಿಗೆ ಮೊದಲು ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಂಥ ನಗು. ಅದು ಅರ್ಧದಲ್ಲೇ ನಿಂತಿತು. ಬೋರ್ಡು ಏನಾದರೂ ಹೇಳಲಿ. ಬೆಳಿಗ್ಗೆ ಆಣೆ ಇಟ್ಟಿದ್ದು ಬೋರ್ಡಿನ ಮುಂದಲ್ಲ. ಕಂದೆಲಾರಿಯಾ ಮಾತೆಗೆ ಕನ್ನಡಕದ ಅಗತ್ಯವಿಲ್ಲ. ಹಿಟ್ ಬಿದ್ದಾಯಿತು.

ಅವನು ಬೆಂಚಿನ ಕಡೆ ತಿರುಗಿ ಮಕಾರಿಯೊನಿಗೆ ಬಾ ಎಂದು ಕೈ ಮಾಡಿದ.

ಮಕಾರಿಯೊ ಆಕಾಶ ನೋಡಿದ.

ಮತ್ತೆ ಕೈ ಮಾಡಿದ. ಮಕಾರಿಯೊ ಬೂಟಿನ ದಾರ ಕಟ್ಟಲು ಬಗ್ಗಿದ. ಎವೊದಿಯೊ ಸುಮ್ಮನೆ ಚೆಂಡು ಹಿಡಿದು ನಿಂತುಬಿಟ್ಟ. ಅಂಪೈರ್, “ಎಸೀತೀರೋ, ಇಲ್ಲೇ ಮನೆ ಕಟ್ತೀರೋ?” ಎಂದು ಗದರಿದ ಮೇಲೆ ಮಕಾರಿಯೊ ಕಾಲು ಎಳೆದುಕೊಂಡು ದಿಬ್ಬಕ್ಕೆ ಬಂದ.

“ಕಂಪಾದ್ರೆ, ಅದು ಹಿಟ್.”

ಮಕಾರಿಯೊ ದಿಬ್ಬದ ಮಣ್ಣನ್ನು ಬೂಟಿನಿಂದ ಕೆದರಿದ.

“ನಿಂಗೂ ಗೊತ್ತು. ಆ ಹುಡುಗ ಹಾರಿದ್ದು ಚೆಂಡು ಹಿಡಿಯೋಕಲ್ಲ, ಅದನ್ನ ಬೀಳ್ಕೊಡೋಕೆ. ಡಾನ್ ಪ್ರಿಮಿತಿವೊಗೂ ಗೊತ್ತು. ಇವತ್ತು ರಾತ್ರಿ ಅವರಿಗೆ ನಿದ್ದೆ ಬರಲ್ಲ, ತಮ್ಮ ಅಂಗಡಿ ಮಾತ್ರೆ ತಾವೇ ನುಂಗಬೇಕು. ನನ್ನ ಮಾತು ನನಗಿರಲಿ. ಒಂದು ಹಿಟ್ ಅಂದಿದ್ದೆ.”

ಮಕಾರಿಯೊ ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡ.

“ಮಾತಾಡೋ ಮಾರಾಯಾ! ಇನ್ನೇನು ಕೆಡೋದಿದೆ? ಕೆಟ್ಟಿದ್ದು ಕೆಟ್ಟಾಯ್ತಲ್ಲ! ಹೋಗ್ಲಿ, ತಲೆನಾದ್ರೂ ಆಡಿಸು.”

ಮಕಾರಿಯೊ ತಲೆಯನ್ನೂ ಆಡಿಸಲಿಲ್ಲ. ಅವನು ನೋಡುತ್ತಿದ್ದುದು ಎವೊದಿಯೊನ ಭುಜದಾಚೆಗೆ. ಅಲ್ಲಿ ಗಿರಣಿಯವರ ಕೊವಾರುಬಿಯಾಸ್ ಬ್ಯಾಟು ತಿರುಗಿಸುತ್ತ ಬರುತ್ತಿದ್ದ. ಲೀಗಿನಲ್ಲೇ ಹೆಚ್ಚು ಸಲ ಚೆಂಡನ್ನು ಬೇಲಿಯಾಚೆ ಅಟ್ಟಿದವನು, ಎತ್ತಿನಂಥ ಕತ್ತಿನವನು. ಅವನ ಒಂದು ಹೊಡೆತಕ್ಕೆ ಬೇಸಿನ ಮೇಲಿದ್ದ ಮೊಲವೂ ಸೇರಿ ಎರಡು ರನ್, ಆಟ ಅವರದು. ಬೇಲಿಯ ಬಳಿ ಹೆಜ್ಜಾರ್ಲೆಗಳ ಎಳೆಯ ಎಸೆತಗಾರರಿಬ್ಬರು ಕೈ ಬಿಸಿ ಮಾಡಿಕೊಳ್ಳುತ್ತಿದ್ದರು. ಬಲಗೈ ಬೀಸಿದರೆ ಬಂದೂಕಿನ ಗುಂಡಿನ ಹಾಗೆ ಚೆಂಡು ಬಿಡುವ ಹುಡುಗರು. ವೇಗದ ಚೆಂಡೆಂದರೆ ಕೊವಾರುಬಿಯಾಸ್‌ಗೆ ಬೆಣ್ಣೆ ಹಚ್ಚಿದ ಜೋಳದ ತೆನೆಯಿದ್ದ ಹಾಗೆ. ಇವತ್ತು ಅವನಿಗೆ ರುಚಿ ಕೆಟ್ಟಿದ್ದರೆ ಅದು ಎವೊದಿಯೊನ ನಿಧಾನದಿಂದ ಮಾತ್ರ. ಮೂರು ಸಲ ಬಂದು ಮೂರು ಸಲವೂ ಬ್ಯಾಟಿಗೇ ಬೈಯುತ್ತ ಹಿಂದಿರುಗಿದ್ದ. ಎತ್ತಿನ ಕತ್ತಿನ ಆ ಮನುಷ್ಯ ಬಂದು ನಿಂತವನೇ ಹುಡುಗರಿದ್ದ ಬೇಲಿಯ ಕಡೆ ಆಸೆಯ ಕಣ್ಣು ಹಾಯಿಸಿದ್ದನ್ನು ಮಕಾರಿಯೊ ನೋಡಿದ.

ಮೇಯರರ ಪಕ್ಕದಲ್ಲಿ ಮಾಲೀಕರು ಎದ್ದು ನಿಂತು ಬ್ಯಾಂಡಿನವರಿಗೆ ಸನ್ನೆ ಮಾಡುತ್ತಿದ್ದರು. ಎವೊದಿಯೊ ಎಡಗೈಯಿಂದ ಟೋಪಿ ತೆಗೆದು, ಹಣೆಯ ಬೆವರು ಒರೆಸಿ, ಮತ್ತೆ ಹಾಕಿಕೊಂಡ. ಬಲಗೈಯನ್ನು ಮುಂದೆ ಚಾಚಿದ. ಮಣ್ಣು ಮೆತ್ತಿದ, ಬೆವರಿಗೆ ಒದ್ದೆಯಾದ ಚೆಂಡು ಅವನ ಅಂಗೈಯಲ್ಲಿತ್ತು.

“ತಗೋ ಕಂಪಾದ್ರೆ. ಆಣೆ ಇಟ್ಟಿದೀನಿ. ನನ್ನ ಇಳಿಸು.”

ಮಕಾರಿಯೊ ತನ್ನ ಶುಂಠಿ ಬೆರಳುಗಳ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ತಗೊಳ್ಳಲ್ಲ,” ಎಂದ.